ಎಲ್ಲೂ ಸಿಗದ ವಿಂಡ್‌ಶೀಲ್ಡ್: ಹುಡುಕಿದ್ದು, ಮಾಡಿಸಿದ್ದು, ಕೂರಿಸಿದ್ದು

ಕಾರಿನ ಹೆಸರು ಹೇಳುವುದಿಲ್ಲ. 1970ರ ದಶಕದ್ದು, ಎರಡೇ ಆಸನ, ಫೈಬರ್‌ಗ್ಲಾಸ್ ಬಾಡಿಯ ಸ್ಪೋರ್ಟ್ಸ್ ಕಾರು ಎಂದಷ್ಟೇ ಹೇಳಬಲ್ಲೆ. ಆ ಮಾದರಿಯ ಕಾರುಗಳು ಉಳಿದಿರುವುದೇ ಬೆರಳೆಣಿಕೆಯಷ್ಟು. ಹೆಸರು ಬರೆದರೆ ಮಾಲೀಕರ ವಿಳಾಸವನ್ನೇ ಬರೆದಂತಾಗುತ್ತದೆ. ಅದನ್ನು ತಯಾರಿಸಿದ ಪುಟ್ಟ ಕಂಪನಿ ಅದೇ ದಶಕದಲ್ಲಿ ಬಾಗಿಲು ಮುಚ್ಚಿತು. ಕಾರು ದುರಸ್ತಿಗೆಂದು ನನ್ನ ಕೈಗೆ ಬಂದಾಗ ಮುಂದಿನ ಗಾಜಿನ ಕೆಳಗಿನ ಎಡಮೂಲೆಯಿಂದ ಹೊರಟ ಬಿರುಕು ಚಾಲಕನ ಕಣ್ಣಿನ ಎತ್ತರದವರೆಗೂ ಹಬ್ಬಿತ್ತು.

ಎಂಜಿನ್ನಿನ ಬಿಡಿಭಾಗ ಸಿಗದಿದ್ದರೆ ಲೇತ್ ಮೇಲೆ ಕಡೆದು ಮಾಡಬಹುದು. ಫೈಬರ್‌ಗ್ಲಾಸ್ ಒಡೆದರೆ ಗಾಜುನಾರಿನ ಬಟ್ಟೆ, ರೆಸಿನ್ ಎಂಬ ಗಟ್ಟಿಯಾಗುವ ಅಂಟು ಹಾಕಿ ಕೂಡಿಸಬಹುದು. ಗಾಜು ಹಾಗಲ್ಲ. ಅದಕ್ಕೆ ಕುಲುಮೆ ಬೇಕು, ಅಚ್ಚು ಬೇಕು, ಆ ಕೆಲಸವನ್ನೇ ನಂಬಿ ಬದುಕಿದವರ ಕೈ ಬೇಕು. ಅಪರೂಪದ ಕಾರುಗಳು ಉಳಿದೆಲ್ಲ ಸರಿಯಿದ್ದೂ ಒಂದು ಗಾಜಿಗಾಗಿ ವರ್ಷಗಟ್ಟಲೆ ಶೆಡ್ಡಿನಲ್ಲಿ ಮಲಗಿರುವುದನ್ನು ನೋಡಿದ್ದೇನೆ. ಅದನ್ನು ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಕೆಲಸದ ಪ್ರತಿ ಹೆಜ್ಜೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಬಿರುಕು ಎಲ್ಲಿ ಹುಟ್ಟಿತು

ಹೊಸ ಗಾಜು ಹುಡುಕುವ ಮೊದಲು ಹಳೆಯದು ಏಕೆ ಒಡೆಯಿತೆಂದು ತಿಳಿಯಬೇಕು. ಕಾರಣ ಬಾಡಿಯಲ್ಲೇ ಇದ್ದರೆ ಹೊಸ ಗಾಜೂ ಅದೇ ದಾರಿ ಹಿಡಿಯುತ್ತದೆ.

ಬಿರುಕಿನ ಉದ್ದಕ್ಕೂ ಹೊರಗಿನಿಂದ ಉಗುರು ಎಳೆದೆ, ಸಿಕ್ಕಿಕೊಂಡಿತು. ಒಳಗಿನಿಂದ ಎಳೆದೆ, ನುಣುಪಾಗಿ ಜಾರಿತು. ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜಿನ ಎರಡು ಹಾಳೆಗಳಲ್ಲಿ ಹೊರಗಿನದು ಮಾತ್ರ ಸೀಳಿದೆ. ಕಲ್ಲು ಬಡಿದಿದ್ದರೆ ಎಲ್ಲಾದರೂ ಒಂದು ಪುಟ್ಟ ಗುಳಿ ಕಾಣಬೇಕಿತ್ತು. ಭೂತಗನ್ನಡಿ ಹಿಡಿದು ನೋಡಿದರೂ ಗುಳಿಯಿಲ್ಲ. ಬಿರುಕು ಗಾಜಿನ ಅಂಚಿಗೆ ಲಂಬವಾಗಿ ಹುಟ್ಟಿ, ಒಂದು ಗೇಣು ನೇರವಾಗಿ ಸಾಗಿ, ಆಮೇಲೆ ಬಾಗಿತ್ತು. ಇದು ಒತ್ತಡದಿಂದ ಹುಟ್ಟುವ ಬಿರುಕಿನ ಲಕ್ಷಣ.

ಗಾಜು ತೆಗೆಯುವ ಮುನ್ನ ಬಿರುಕಿನ ಮೇಲೆ ಎರಡೂ ಕಡೆ ಅಗಲವಾದ ಪಾರದರ್ಶಕ ಟೇಪು ಅಂಟಿಸಿದೆ. ಒಡೆದ ಗಾಜೇ ನಮ್ಮ ಏಕೈಕ ಮಾದರಿಯಾಗಿರಬಹುದು, ಅದರ ಆಕಾರ ಕೆಡಬಾರದು. ಸುತ್ತಲಿನ ರಬ್ಬರ್ ಗಟ್ಟಿಯಾಗಿತ್ತು. ಅದನ್ನು ಉಳಿಸಲು ಹೋಗದೆ ಹೊರತುಟಿಯನ್ನು ಬ್ಲೇಡಿನಿಂದ ಕೊಯ್ದು, ಒಳಗಿನಿಂದ ಇಬ್ಬರು ಅಂಗೈಯಲ್ಲಿ ಒತ್ತಿ ಗಾಜನ್ನು ಹೊರತಂದೆವು. ರಬ್ಬರಿನ ಒಂದು ಚೋಟುದ್ದದ ತುಂಡನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟೆ. ರಬ್ಬರ್ ಪಟ್ಟಿ ಮಾರುವವರಿಗೆ ಅಡ್ಡಕೊಯ್ತದ ಆಕಾರ ತೋರಿಸಿದರೆ ಸಾಕು, ಕಾರಿನ ಹೆಸರು ಬೇಕಿಲ್ಲ.

ಬಿರುಕು ಹುಟ್ಟಿದ ಜಾಗದ ನೇರಕ್ಕೆ ಚೌಕಟ್ಟಿನ ಅಂಚಿನಲ್ಲಿ ರೆಸಿನ್ನಿನ ಒಂದು ಗಡ್ಡೆ ಸಿಕ್ಕಿತು. ಹಿಂದೆ ಯಾವಾಗಲೋ ಆ ಮೂಲೆಯನ್ನು ರಿಪೇರಿ ಮಾಡಿದ ಗುರುತು. ಉಳಿದ ಕಡೆ 4 ಮಿ.ಮೀ. ದಪ್ಪವಿದ್ದ ಅಂಚು ಅಲ್ಲಿ 7 ಮಿ.ಮೀ. ಆಗಿತ್ತು. ಬಾಡಿ ಓಲಾಡಿದಾಗಲೆಲ್ಲ ಆ ಗಡ್ಡೆ ರಬ್ಬರಿನ ಮೂಲಕ ಗಾಜನ್ನು ಒತ್ತುತ್ತಿತ್ತು.

ಮೂಲೆಯ ಗುರುತು ಹೇಳಿದ ಕಥೆ

ಪ್ರತಿ ವಾಹನದ ಗಾಜಿನ ಮೂಲೆಯಲ್ಲೂ ಮಾಸಲು ಬಿಳಿ ಅಕ್ಷರಗಳ ಒಂದು ಗುರುತು ಇರುತ್ತದೆ. ಅದು ಗಾಜಿನ ಬಗೆ, ಕಾರ್ಖಾನೆ, ಪಾಸಾದ ಮಾನದಂಡ ಇವನ್ನು ಹೇಳುತ್ತದೆ. ಯಾವ ಕಾರಿನ ಗಾಜು ಎಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಸಂಖ್ಯೆ ಇದ್ದರೆ ಅದು ಅನುಮೋದನೆ ಕೊಟ್ಟ ದೇಶ: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 11 ಬ್ರಿಟನ್. ‘43ಆರ್’ ಎಂದರೆ ಗಾಜಿನ ಸುರಕ್ಷತೆಗಾಗಿ ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ರೂಪಿಸಿದ 43ನೇ ನಿಯಮ. ರೋಮನ್ ಅಂಕಿ ಒಂದು ಇದ್ದರೆ ಟಫನ್ಡ್ (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ) ವಿಂಡ್‌ಶೀಲ್ಡ್, ಎರಡು ಇದ್ದರೆ ಲ್ಯಾಮಿನೇಟೆಡ್. ಅಮೆರಿಕದ ಗುರುತಿನಲ್ಲಾದರೆ ‘ಎಎಸ್1’ ಎಂದರೆ ವಿಂಡ್‌ಶೀಲ್ಡಿಗೆ ಒಪ್ಪಿತವಾದ ಗಾಜು.

ನಮ್ಮ ಗಾಜಿನಲ್ಲಿ 43ಆರ್ ಇತ್ತು. ಆ ನಿಯಮ ಜಾರಿಗೆ ಬಂದದ್ದು 1981ರಲ್ಲಿ. ಕಾರಿನ ಕಂಪನಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಹಾಗಾದರೆ ಇದು ಕಾರಿನ ಜೊತೆ ಬಂದ ಗಾಜಲ್ಲ, ಆಮೇಲೆ ಯಾರೋ ಹಾಕಿಸಿದ್ದು. ಕಂಪನಿ ಮುಚ್ಚಿದ ಮೇಲೂ ಇದೇ ಬಾಗು ಇರುವ ಗಾಜು ಎಲ್ಲೋ ತಯಾರಾಗುತ್ತಿತ್ತು ಎಂದಾಯಿತು. ಈ ಒಂದು ಸಂಗತಿ ಹೊಳೆದಾಗ ಎದೆ ಹಗುರವಾಯಿತು.

ಇನ್ನೊಂದು ಸುಳಿವು ಅದರ ಪಕ್ಕದಲ್ಲೇ ಇತ್ತು. ಗುರುತಿನ ಕೊನೆಯ ಸಾಲು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಅಕ್ಷರಗಳ ತಲೆ ಮಾತ್ರ ಗಾಜಿನ ಮೇಲಿತ್ತು, ಬುಡ ಇರಲಿಲ್ಲ. ಬಹಳ ವರ್ಷ ಗಾಜಿನ ಕೆಲಸ ಮಾಡಿದ ಹಿರಿಯರೊಬ್ಬರಿಗೆ ಗಾಜನ್ನು ತೋರಿಸಿದೆ. ಅವರು ಕಣ್ಣು ಹಾಯಿಸುವ ಮೊದಲೇ ಬೆರಳು ಓಡಿಸಿದರು. “ಮೇಲಿನ ಅಂಚು ಮುಟ್ಟಿ ನೋಡಿ, ದುಂಡಗಿದೆ, ನುಣುಪಾಗಿದೆ. ಕೆಳಗಿನದು ಚಪ್ಪಟೆ, ಒರಟು. ಇದು ಕಾರ್ಖಾನೆಯಲ್ಲಿ ಆದ ಅಂಚಲ್ಲ, ಆಮೇಲೆ ಕತ್ತರಿಸಿ ಉಜ್ಜಿದ್ದು,” ಎಂದರು. ಯಾವುದೋ ದೊಡ್ಡ ಕಾರಿನ ವಿಂಡ್‌ಶೀಲ್ಡನ್ನು ತಂದು, ಕೆಳಗಿನ ಪಟ್ಟಿ ಕತ್ತರಿಸಿ ಇಲ್ಲಿ ಕೂರಿಸಿದ್ದರು. ಬಿರುಕು ಹುಟ್ಟಿದ್ದೂ ಆ ಒರಟು ಅಂಚಿನಲ್ಲೇ. ಉಜ್ಜುವಾಗ ಉಳಿದ ಕಣ್ಣಿಗೆ ಕಾಣದ ಸೀಳುಗಳು, ಅವಕ್ಕೆ ನೇರವಾಗಿ ಒತ್ತುವ ರೆಸಿನ್ ಗಡ್ಡೆ. ಗಾಜು ಇಷ್ಟು ಕಾಲ ತಡೆದದ್ದೇ ಹೆಚ್ಚು.

ಅಳತೆ

ಇಲ್ಲಿಂದ ಮುಂದೆ ಕಾರಿನ ಹೆಸರನ್ನು ಬದಿಗಿಟ್ಟು ಅಳತೆಯನ್ನು ಹಿಡಿದು ಹೊರಟೆವು. ಅಪರೂಪದ ಕಾರಿನ ಗಾಜು ಹುಡುಕುವವರಿಗೆ ನಾನು ಒತ್ತಿ ಹೇಳುವ ಮಾತು ಇದೊಂದೇ. ಅಂಗಡಿಯಲ್ಲಿ ಕಾರಿನ ಹೆಸರು ಹೇಳಿದರೆ “ಇಲ್ಲ” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅಳತೆ ಹೇಳಿದರೆ ಮಾತು ಮುಂದುವರಿಯುತ್ತದೆ.

ಗಾಜನ್ನು ಸ್ಪಂಜಿನ ತೊಟ್ಟಿಲಿನ ಮೇಲೆ ಒಳಮೈ ಮೇಲಾಗಿ ಇಟ್ಟು ಅಳೆದೆ. ಅತಿ ಅಗಲವಾದ ಕಡೆ ಅಂಚಿನಿಂದ ಅಂಚಿಗೆ ನೇರ ದೂರ 1270 ಮಿ.ಮೀ., ನಡುವಿನ ಎತ್ತರ 545, ದಪ್ಪ 6.8. ಟೇಪನ್ನು ಗಾಜಿನ ಮೈಗೆ ಅಂಟಿಸಿಕೊಂಡು ಮೇಲಂಚಿನ, ಕೆಳಂಚಿನ ಉದ್ದವನ್ನು ಬೇರೆಬೇರೆಯಾಗಿ ತೆಗೆದೆ. ಆಮೇಲೆ ಬಾಗು. ಎಡದಿಂದ ಬಲಕ್ಕೆ ದಾರ ಬಿಗಿದು, ಪ್ರತಿ 100 ಮಿ.ಮೀ.ಗೆ ದಾರದಿಂದ ಗಾಜಿನವರೆಗಿನ ಆಳ ಅಳೆದು ಬರೆದುಕೊಂಡೆ. ಇದನ್ನೇ ಮೇಲೆ, ನಡುವೆ, ಕೆಳಗೆ ಮೂರು ಕಡೆ ಮಾಡಿ, ಆ ಗೆರೆಗಳನ್ನು ದಪ್ಪ ರಟ್ಟಿಗೆ ಇಳಿಸಿ ಕತ್ತರಿಸಿದೆ.

ಹೆಚ್ಚಿನವರು ಮರೆಯುವ ಅಳತೆ ಇನ್ನೊಂದಿದೆ. ನೇರವಾದ ಸ್ಟೀಲ್ ಸ್ಕೇಲನ್ನು ಗಾಜಿನ ಒಳಮೈ ಮೇಲೆ ಮೇಲಿನಿಂದ ಕೆಳಕ್ಕೆ ನಿಲ್ಲಿಸಿ ನಡುವೆ ಸಂದು ಇದೆಯೇ ನೋಡಬೇಕು. ಸಂದು ಇಲ್ಲದಿದ್ದರೆ ಗಾಜು ಒಂದೇ ದಿಕ್ಕಿಗೆ ಬಾಗಿದೆ, ಮಾಡಿಸುವುದು ಸುಲಭ. ಲಾನ್ಸಿಯಾ ಸ್ಟ್ರಾಟೋಸ್‌ನ ಆ ವಿಶಾಲವಾದ ಅರ್ಧಚಂದ್ರದ ವಿಂಡ್‌ಶೀಲ್ಡ್ ನೋಡಲು ಭಯ ಹುಟ್ಟಿಸುತ್ತದೆ, ಆದರೆ ಅದು ಸಿಲಿಂಡರಿನಿಂದ ಕೊಯ್ದ ತುಂಡಿನ ಆಕಾರದ್ದು. ನಮ್ಮದರಲ್ಲಿ 6 ಮಿ.ಮೀ. ಸಂದು ಇತ್ತು. ಎರಡೂ ದಿಕ್ಕಿಗೆ ಬಾಗಿದ ಗಾಜು.

ಎಲ್ಲಕ್ಕಿಂತ ಸುಲಭದ್ದು ಚಪ್ಪಟೆ ಗಾಜಿನ ಕಾರು. ಲೋಟಸ್ ಸೆವೆನ್‌ನಂಥದ್ದಕ್ಕೆ ಲ್ಯಾಮಿನೇಟೆಡ್ ಹಾಳೆಯನ್ನು ರಟ್ಟಿನ ಮಾದರಿ ಇಟ್ಟು ಕತ್ತರಿಸಿಕೊಡಬಲ್ಲವರು ಸಿಗುತ್ತಾರೆ. ಅಂಥ ಕಾರಿಟ್ಟುಕೊಂಡು ಗಾಜಿನ ಚಿಂತೆ ಮಾಡುವುದು ಬೇಡ.

ಹುಡುಕಾಟ

ಸಣ್ಣ ಕಂಪನಿಗಳು ತಮಗಾಗಿಯೇ ಅಚ್ಚು ಮಾಡಿಸುವಷ್ಟು ಹಣವಿಲ್ಲದೆ ದೊಡ್ಡವರ ಬಿಡಿಭಾಗಗಳನ್ನು ಆಯ್ದುಕೊಳ್ಳುತ್ತಿದ್ದವು. ಬಾಗಿಲ ಹಿಡಿ ಒಂದು ಕಡೆಯದು, ಹಿಂದಿನ ದೀಪ ಇನ್ನೊಂದು ಕಡೆಯದು, ಗಾಜು ಮತ್ತೊಂದು ಕಡೆಯದು. ದೊಡ್ಡ ಹೆಸರಿನವರೂ ತಮ್ಮೊಳಗೇ ಹಂಚಿಕೊಂಡಿದ್ದಾರೆ: 1971ರ ಮಸೆರಾಟಿ ಬೋರಾ ಮತ್ತು 1972ರ ಮೆರಾಕ್ ಕಾರುಗಳ ಬಾಡಿ ಮುಂದಿನಿಂದ ಬಾಗಿಲುಗಳವರೆಗೆ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಸಿಗದ ಭಾಗವನ್ನು ಇನ್ನೊಂದರ ಹೆಸರಿನಲ್ಲೂ ಹುಡುಕಬೇಕು.

ಗಾಜಿನ ಸಗಟು ವ್ಯಾಪಾರಿಗಳ ಬಳಿ ಸಂಕೇತಗಳ ಪಟ್ಟಿ ಇರುತ್ತದೆ. ಯುರೋಪಿನ ಸಂಕೇತದಲ್ಲಿ ನಾಲ್ಕು ಅಂಕಿಗಳ ನಂತರ ‘ಎ’ ಇದ್ದರೆ ವಿಂಡ್‌ಶೀಲ್ಡ್. ಅದರ ಮುಂದೆ ‘ಸಿಎಲ್’ ಎಂದರೆ ಬಣ್ಣವಿಲ್ಲದ್ದು, ‘ಜಿಎನ್’ ಎಂದರೆ ಹಸಿರು ಛಾಯೆಯದ್ದು. ಅಮೆರಿಕದ ಪಟ್ಟಿಯಲ್ಲಿ ‘ಡಿಡಬ್ಲ್ಯು’ ಅಲ್ಲಿಯ ಕಾರುಗಳ ವಿಂಡ್‌ಶೀಲ್ಡ್, ‘ಎಫ್‌ಡಬ್ಲ್ಯು’ ಹೊರದೇಶದ ಕಾರುಗಳದ್ದು. ಪಟ್ಟಿಯಲ್ಲಿ ಅಗಲ, ಎತ್ತರ ಕೊಟ್ಟಿದ್ದರೆ ಅದರಿಂದಲೇ ಸೋಸುತ್ತ ಹೋಗಬಹುದು. ನಮ್ಮ ಗಾಜಿನ ಕೆಳಭಾಗ ಕತ್ತರಿಸಿದ್ದರಿಂದ ಎತ್ತರ ನಂಬುವಂತಿರಲಿಲ್ಲ. ಮೇಲಂಚನ್ನು ಯಾರೂ ಮುಟ್ಟಿರಲಿಲ್ಲ, ಅದನ್ನು ನಂಬಿದೆವು. ಆ ಕಾಲದಲ್ಲಿ ತಯಾರಾಗುತ್ತಿದ್ದ, 1981ರ ನಂತರವೂ ಗಾಜು ಬೇಡುವಷ್ಟು ಸಂಖ್ಯೆಯಲ್ಲಿ ಓಡಾಡುತ್ತಿದ್ದ ಕಾರುಗಳನ್ನಷ್ಟೇ ಉಳಿಸಿಕೊಂಡಾಗ ಪಟ್ಟಿ ಬಹಳ ಚಿಕ್ಕದಾಯಿತು.

ಆಮೇಲೆ ರಟ್ಟಿನ ಮಾದರಿಗಳನ್ನು ಕಂಕುಳಲ್ಲಿಟ್ಟುಕೊಂಡು ಹಳೆಯ ಗಾಜುಗಳ ಗೋದಾಮಿಗೆ ಹೋದೆ. ಸಾಲಾಗಿ ಅಂಚಿನ ಮೇಲೆ ನಿಲ್ಲಿಸಿದ ಗಾಜುಗಳಲ್ಲಿ ಮೊದಲು ನೋಡಿದವು ಹತ್ತಿರಕ್ಕೂ ಬರಲಿಲ್ಲ. ಒಂದರಲ್ಲಿ ನಡುವಿನ ರಟ್ಟು ಕೂತಿತು, ತುದಿಗಳಲ್ಲಿ ಬೆಳಕು ಕಂಡಿತು. ಕೊನೆಗೆ ಒಂದು ಕುಟುಂಬದ ಸೆಡಾನ್ ಕಾರಿನ ಗಾಜಿನ ಮೇಲೆ ಮೇಲಿನ ರಟ್ಟು ಇಟ್ಟಾಗ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ನಡುವಿನದೂ ಕೂತಿತು. ಸ್ಕೇಲ್ ನಿಲ್ಲಿಸಿದರೆ ಅದೇ 6 ಮಿ.ಮೀ. ನಮ್ಮ ಗಾಜಿಗಿಂತ ಕೆಳಗೆ 62 ಮಿ.ಮೀ. ಹೆಚ್ಚಿತ್ತು, ಅಷ್ಟೇ. ಗುರುತಿನ ಮೂರೂ ಸಾಲು ಪೂರ್ತಿಯಾಗಿದ್ದವು. ಗೋದಾಮಿನವರ ಮುಂದೆಯೇ ಕೂಗಿಬಿಟ್ಟೆ. (ಸೆಡಾನಿನ ಹೆಸರನ್ನೂ ಬಿಡಬೇಕಾಗಿದೆ. ಬಲ್ಲವರಿಗೆ ಅದೊಂದರಿಂದಲೇ ನಮ್ಮ ಕಾರು ಗೊತ್ತಾಗುತ್ತದೆ.)

ಕತ್ತರಿಸುವುದೋ, ಮಾಡಿಸುವುದೋ

ಹಿಂದಿನವರು ಮಾಡಿದಂತೆ ಈ ಗಾಜನ್ನೂ ಕತ್ತರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಲ್ಯಾಮಿನೇಟೆಡ್ ಗಾಜನ್ನು ಕತ್ತರಿಸಬಹುದು: ಎರಡೂ ಮೈಗೆ ಒಂದೇ ನೇರದಲ್ಲಿ ಗೀರು ಹಾಕಿ, ಸೀಳು ಓಡಿಸಿ, ನಡುವಿನ ಪ್ಲಾಸ್ಟಿಕ್ ಪದರವನ್ನು ಬಿಸಿ ಮಾಡಿ ಬ್ಲೇಡಿನಿಂದ ಬಿಡಿಸುತ್ತಾರೆ. ಚಪ್ಪಟೆ ಗಾಜಿನಲ್ಲಿ ಇದು ನಿತ್ಯದ ಕೆಲಸ. ಎರಡು ದಿಕ್ಕಿಗೆ ಬಾಗಿದ ಗಾಜಿನಲ್ಲಿ ಸೀಳು ಎತ್ತ ಓಡುತ್ತದೆಂದು ಭರವಸೆ ಕೊಡುವವರಿಲ್ಲ. ಟಫನ್ಡ್ ಗಾಜನ್ನಂತೂ ಕತ್ತರಿಸಲು ಬರುವುದೇ ಇಲ್ಲ, ಗೀರು ಆಳಕ್ಕಿಳಿದ ಕ್ಷಣವೇ ಇಡೀ ಗಾಜು ಹರಳುಹರಳಾಗಿ ಸುರಿಯುತ್ತದೆ.

ನನ್ನ ತಕರಾರು ಬೇರೆ. ಹಳೆಯ ಗಾಜು ಒಡೆದದ್ದೇ ಕತ್ತರಿಸಿದ ಅಂಚಿನಲ್ಲಿ. ಆ ಅಂಚನ್ನೇ ಮತ್ತೆ ತಂದು ಕೂರಿಸಲು ಮನಸ್ಸು ಒಪ್ಪಲಿಲ್ಲ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಕಿಸಿ ಎಂಬ ಸಲಹೆಯೂ ಬಂತು. ಓಟದ ಕಾರಿಗೆ ಅದು ಸರಿ. ರಸ್ತೆಯಲ್ಲಿ ಓಡುವ ಕಾರಿನಲ್ಲಿ ವೈಪರ್ ಧೂಳಿನ ಸಮೇತ ಉಜ್ಜಿ ಅದರ ಮೈಯನ್ನು ಮಸುಕು ಮಾಡುತ್ತದೆ, ವಿಂಡ್‌ಶೀಲ್ಡ್ ಆಗಿ ಹಲವು ಕಡೆ ಕಾನೂನೂ ಒಪ್ಪುವುದಿಲ್ಲ.

ಹಾಗಾಗಿ ಹಳೆಯ ಕಾರುಗಳಿಗೆ ಸಣ್ಣ ಪ್ರಮಾಣದಲ್ಲಿ ಗಾಜು ತಯಾರಿಸುವ ಕಾರ್ಖಾನೆಗೆ ಪತ್ರ ಬರೆದೆ. ಸೆಡಾನಿನ ಸಂಕೇತ ಕೊಟ್ಟು, ನಮಗೆ ಬೇಕಾದ ಕೆಳಗೆರೆಯ ಚಿತ್ರ ಲಗತ್ತಿಸಿದೆ. ಆ ಸೆಡಾನಿನ ಬಾಗಿಸುವ ಚೌಕಟ್ಟು ತಮ್ಮ ಉಗ್ರಾಣದಲ್ಲಿದೆ ಎಂದು ಉತ್ತರ ಬಂತು. ಇಡೀ ಹುಡುಕಾಟ ಸಾರ್ಥಕವಾದದ್ದು ಆ ಸಾಲಿನಲ್ಲಿ.

ವಿಂಡ್‌ಶೀಲ್ಡ್ ಬಾಗಿಸುವ ಬಗೆ ತಿಳಿದರೆ ಆ ಚೌಕಟ್ಟಿನ ಬೆಲೆ ಅರ್ಥವಾಗುತ್ತದೆ. ಎರಡು ಚಪ್ಪಟೆ ಹಾಳೆಗಳನ್ನು ಆಕಾರಕ್ಕೆ ಕತ್ತರಿಸಿ, ಅಂಚನ್ನು ದುಂಡಗೆ ಉಜ್ಜಿ, ನಡುವೆ ಅಂಟಿಕೊಳ್ಳದಂತೆ ಪುಡಿ ಉದುರಿಸಿ, ಒಂದರ ಮೇಲೊಂದು ಲೋಹದ ಚೌಕಟ್ಟಿನ ಮೇಲೆ ಇಡುತ್ತಾರೆ. ಚೌಕಟ್ಟು ಗಾಜನ್ನು ಅಂಚಿನಲ್ಲಿ ಮಾತ್ರ ಹೊರುತ್ತದೆ. ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಾಜು ಮೆತ್ತಗಾಗಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎರಡೂ ಹಾಳೆಗಳು ಜೊತೆಗೇ ಬಾಗುವುದರಿಂದ ಅವುಗಳ ಆಕಾರ ಒಂದಕ್ಕೊಂದು ಹೊಂದುತ್ತದೆ. ನಿಧಾನವಾಗಿ ತಣಿಸಿ, ಬಿಡಿಸಿ, ತೊಳೆದು, ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಇಟ್ಟು, ಗಾಳಿ ತೆಗೆದು, ಸುಮಾರು 140 ಡಿಗ್ರಿ ಶಾಖದಲ್ಲಿ, ಹತ್ತು ಬಾರ್‌ಗೂ ಮೀರಿದ (ಸುತ್ತಲಿನ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಹೆಚ್ಚಿನ) ಒತ್ತಡದಲ್ಲಿ ಬೆಸೆಯುತ್ತಾರೆ. ನಮ್ಮದಕ್ಕೆ 3 ಮಿ.ಮೀ. ಗಾಜು ಎರಡು, ನಡುವೆ 0.76 ಮಿ.ಮೀ. ಪಿವಿಬಿ, ಒಟ್ಟು 6.76, ಹಳೆಯದರ ದಪ್ಪವೇ.

ತೊಡಕೊಂದಿತ್ತು. ಕೆಳಗೆ 62 ಮಿ.ಮೀ. ಕಡಿಮೆಯಿರುವ ಹಾಳೆ ಸೆಡಾನಿನ ಚೌಕಟ್ಟಿನ ಕೆಳಪಟ್ಟಿಯನ್ನು ಮುಟ್ಟುವುದೇ ಇಲ್ಲ. ಕಾರ್ಖಾನೆಯವರು ಆ ಪಟ್ಟಿಯೊಂದನ್ನು ಬಿಚ್ಚಿ, ಹೊಸದನ್ನು ಬಾಗಿಸಿ, ಮೇಲೆ ಸರಿಸಿ ಬೆಸೆಯಲು ಒಪ್ಪಿದರು. ಹೊಸ ಚೌಕಟ್ಟು ಮಾಡಿಸುವುದಕ್ಕಿಂತ ಎಷ್ಟೋ ಕಡಿಮೆ ಖರ್ಚು. ಅದನ್ನೂ ಒಬ್ಬರೇ ಹೊರುವುದು ಬೇಡವೆಂದು ಅದೇ ಮಾದರಿಯ ಇತರ ಮಾಲೀಕರನ್ನು ಕೇಳಿದಾಗ ಗಾಜು ಒಡೆಯದವರೂ ಒಂದೊಂದು ಬೇಕೆಂದರು.

ಈಗ ಎಲ್ಲರ ಕಾರಿಗೂ ಹೊಂದುವ ಅಳತೆ ಬೇಕಾಯಿತು. ಕೈಯಿಂದ ಹಾಕಿದ ಫೈಬರ್‌ಗ್ಲಾಸ್ ಬಾಡಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಗೋದಾಮಿನಿಂದ ತಂದ ಸೆಡಾನ್ ಗಾಜಿನ ಒಳಮೈಗೆ ಮೇಣ ತಿಕ್ಕಿ, ಅದರ ಮೇಲೆ ಫೈಬರ್‌ಗ್ಲಾಸ್ ಪದರ ಹಾಕಿ, ಹಿಂದೆ ಮರದ ಪಟ್ಟಿಗಳ ಆಸರೆ ಕೊಟ್ಟು ಒಂದು ಡಮ್ಮಿ ವಿಂಡ್‌ಶೀಲ್ಡ್ ಮಾಡಿದೆ. ಅದನ್ನು ನಮ್ಮ ಗೆರೆಗೆ ಕತ್ತರಿಸಿ ಒಬ್ಬರಿಂದ ಒಬ್ಬರಿಗೆ ಕಳುಹಿಸಿದೆವು. ಪ್ರತಿಯೊಬ್ಬರೂ ತಮ್ಮ ಕಾರಿನ ಚೌಕಟ್ಟಿಗೆ ಹಿಡಿದು ಸುತ್ತಲಿನ ಸಂದನ್ನು ಅಳೆದು ಡಮ್ಮಿಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದರು. ತಿರುಗಿ ಬಂದಾಗ ಮೇಲಂಚಿನ ನಡುವೆ ಎಲ್ಲರದೂ 6 ಮಿ.ಮೀ. ಆಸುಪಾಸಿನಲ್ಲಿತ್ತು, ಕೆಳಮೂಲೆಗಳಲ್ಲಿ ಕೆಲವರಿಗೆ 9, ಒಬ್ಬರಿಗೆ 3. ಆ 3 ಮಿ.ಮೀ.ನವರಿಗಾಗಿ ಮೂಲೆಯ ದುಂಡನ್ನು ತುಸು ಹೆಚ್ಚಿಸಿದೆ. ಉಳಿದ ವ್ಯತ್ಯಾಸವನ್ನು ರಬ್ಬರ್ ನುಂಗುತ್ತದೆ.

ಆರ್ಡರ್ ಕೊಡುವ ಮುನ್ನ ಗಾಜಿನ ಮೇಲೆ ಅನುಮೋದನೆಯ ಗುರುತು ಇರುತ್ತದೆಂದು ಲಿಖಿತವಾಗಿ ಪಡೆದೆವು. ಗುರುತಿಲ್ಲದ ಗಾಜು ಎಷ್ಟೇ ಚೆನ್ನಾಗಿದ್ದರೂ ತಪಾಸಣೆಯಲ್ಲಿ ತಕರಾರು ತಪ್ಪಿದ್ದಲ್ಲ.

ಬಂದ ಗಾಜನ್ನು ನೋಡಿದ್ದು, ಕೂರಿಸಿದ್ದು

ಪೆಟ್ಟಿಗೆ ಬಿಚ್ಚಿ ಮೊದಲು ಅಂಚು ಮುಟ್ಟಿದೆ. ಸುತ್ತಲೂ ಒಂದೇ ಸಮ ದುಂಡು, ಕೆಳಗೂ ಮೇಲಿನಷ್ಟೇ ನುಣುಪು.

ಆಮೇಲೆ ನೋಟದ ಪರೀಕ್ಷೆ. ಸೆಡಾನಿನಲ್ಲಿ ಹೆಚ್ಚು ನೆಟ್ಟಗೆ ನಿಲ್ಲುತ್ತಿದ್ದ ಬಾಗು ಇಲ್ಲಿ ಹಿಂದಕ್ಕೆ ಮಲಗಿರುತ್ತದೆ. ಗಾಜು ಮಲಗಿದಷ್ಟೂ ಅದರೊಳಗಿನ ಸಣ್ಣ ಕೊರತೆಯೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಕಾರಿನಲ್ಲಿ ಇರುವಷ್ಟೇ ಓರೆಯಾಗಿ ಮರದ ಗೂಟಗಳ ಮೇಲೆ ನಿಲ್ಲಿಸಿ, ಗೋಡೆಯ ಮೇಲೆ ಚೌಕಳಿ ಗೆರೆ ಎಳೆದು, ಚಾಲಕನ ತಲೆ ಇರುವ ಜಾಗದಿಂದ ನೋಡಿದೆ. ತಲೆಯನ್ನು ಎಡಬಲಕ್ಕೆ ಸರಿಸಿದಾಗ ಕೆಳಮೂಲೆಗಳ ಹತ್ತಿರ ಗೆರೆ ಸ್ವಲ್ಪ ಬಳುಕಿತು. ಕಣ್ಣಿನ ನೇರಕ್ಕೆ ಅಲುಗಲಿಲ್ಲ. ಕತ್ತಲಾದ ಮೇಲೆ ದೂರದಲ್ಲಿ ಚಿಕ್ಕ ಬಲ್ಬು ಹಚ್ಚಿ ಗಾಜಿನ ಮೂಲಕ ನೋಡಿದೆ. ಎರಡು ಹಾಳೆ ಸಮಾಂತರವಾಗಿಲ್ಲದಿದ್ದರೆ ಒಂದು ದೀಪ ಎರಡಾಗಿ ಕಾಣುತ್ತದೆ. ಒಂದೇ ಕಂಡಿತು.

ರೆಸಿನ್ ಗಡ್ಡೆಯನ್ನು ಮೊದಲೇ ಉಜ್ಜಿ 4 ಮಿ.ಮೀ.ಗೆ ಇಳಿಸಿ, ಅಂಚಿನುದ್ದಕ್ಕೂ ದಪ್ಪ ಅಳೆಯುವ ಕ್ಯಾಲಿಪರ್ ಓಡಿಸಿ ಇನ್ನೆಲ್ಲೂ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡಿದ್ದೆ. ಡಮ್ಮಿಯನ್ನು ರಬ್ಬರ್ ಸಮೇತ ಒಮ್ಮೆ ಕೂರಿಸಿ ನೋಡಿಯೂ ಆಗಿತ್ತು.

ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಗಾಜಿನ ಸುತ್ತ ತೊಡಿಸಿದೆ. ಚೌಕಟ್ಟನ್ನು ಕಚ್ಚಿಕೊಳ್ಳುವ ರಬ್ಬರಿನ ತೋಡಿನೊಳಗೆ ನೈಲಾನ್ ಹುರಿ ಸುತ್ತಿ, ಎರಡೂ ತುದಿ ಕೆಳಗೆ ನಡುವೆ ಒಂದರ ಮೇಲೊಂದು ಹಾಯ್ದು ಒಳಕ್ಕೆ ಇಳಿಯುವಂತೆ ಬಿಟ್ಟೆ. ಚೌಕಟ್ಟಿಗೆ ಸೋಪಿನ ನೀರು ಹಚ್ಚಿ, ಸುಮಾರು ಹತ್ತು ಕಿಲೋ ತೂಕದ ಗಾಜನ್ನು ಇಬ್ಬರು ಎತ್ತಿ ಇಟ್ಟೆವು. ಮಾಲೀಕರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತ ಬಂದರು, ನಾನು ಒಳಗೆ ಕೂತು ಹುರಿ ಎಳೆದೆ. ಹುರಿ ಹೊರಬಂದಂತೆಲ್ಲ ರಬ್ಬರಿನ ತುಟಿ ಚೌಕಟ್ಟಿನ ಒಳಬದಿಗೆ ಮಗುಚಿಕೊಳ್ಳುತ್ತದೆ. ಮೊದಲು ಕೆಳಗೆ, ಆಮೇಲೆ ಎರಡು ಪಕ್ಕ, ಕೊನೆಗೆ ಮೇಲೆ. ಮೇಲಿನ ಮೂಲೆಯೊಂದು ಹಟ ಮಾಡಿತು. ಅಲ್ಲಿ ಬಲ ಹಾಕಬಾರದು. ಪ್ಲಾಸ್ಟಿಕ್ ಪಟ್ಟಿಯಿಂದ ತುಟಿಯನ್ನು ಎತ್ತಿಕೊಟ್ಟು, ಇನ್ನಷ್ಟು ಸೋಪು ಹಾಕಿ, ಗಾಜನ್ನು ಕೈಯಿಂದ ತಟ್ಟಿದರೆ ತಾನಾಗಿ ಬರುತ್ತದೆ. ಬಂತು.

ಗಾಜು ಒಂದು ರಾತ್ರಿ ತನ್ನ ಜಾಗ ಕಂಡುಕೊಳ್ಳಲಿ ಎಂದು ಬಿಟ್ಟು, ಮರುದಿನ ರಬ್ಬರ್ ಬಿಗಿಯುವ ನಡುಪಟ್ಟಿ ತೂರಿಸಿ, ರಬ್ಬರಿನ ಹೊರತುಟಿಯೊಳಗೆ ನೀರು ತಡೆಯುವ, ಗಟ್ಟಿಯಾಗದ ಬ್ಯೂಟೈಲ್ ಸೀಲಂಟ್ ತುಂಬಿದೆ. ವಿನೆಗರ್ ವಾಸನೆ ಬರುವ ಸಿಲಿಕೋನನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅದರಿಂದ ಹೊಮ್ಮುವ ಆಮ್ಲ ಗಾಜಿನ ಅಂಚಿನಲ್ಲಿ ಪಿವಿಬಿಯನ್ನು ಕೆಡಿಸುತ್ತದೆ, ಕೆಲವು ವರ್ಷಗಳಲ್ಲಿ ಅಂಚು ಹಾಲಿನಂತೆ ಬೆಳ್ಳಗಾಗುತ್ತದೆ. ಪೈಪಿನಿಂದ ನೀರು ಬಿಟ್ಟು ಒಳಗೆ ಟಿಶ್ಯೂ ಕಾಗದ ಹಿಡಿದೆವು. ಒಂದು ಹನಿಯೂ ಬರಲಿಲ್ಲ. ವೈಪರ್ ಎರಡೂ ತುದಿಯವರೆಗೆ ಗಾಜನ್ನು ಬಿಡದೆ ಓಡಿತು.

ಮಾರ್ಪಡಿಸಿದ ಚೌಕಟ್ಟಿಗೆ ಕಾರ್ಖಾನೆಯವರು ಹೊಸ ಸಂಖ್ಯೆ ಕೊಟ್ಟು ಉಗ್ರಾಣದಲ್ಲಿಟ್ಟಿದ್ದಾರೆ. ಆ ಸಂಖ್ಯೆ, ಹಾಳೆ ಕತ್ತರಿಸುವ ಚಿತ್ರ, ರಬ್ಬರಿನ ಅಡ್ಡಕೊಯ್ತದ ಅಳತೆ ಎಲ್ಲವೂ ಈಗ ಪ್ರತಿ ಮಾಲೀಕರ ಬಳಿಯೂ ಇದೆ. ಡಮ್ಮಿ ನನ್ನ ಗೋಡೆಯ ಮೇಲಿದೆ, ಬೇಕಾದವರಿಗೆ ಕಳುಹಿಸುತ್ತೇನೆ. ಇದೇ ಕಾರಿನ ಹಿಂದಿನ ಗಾಜು ಟಫನ್ಡ್. ಅದು ಒಡೆದ ದಿನ ಅಳೆಯಲು ಹರಳು ಬಿಟ್ಟರೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಈ ವಾರ ಅದನ್ನೂ ಬಿಚ್ಚಿ, ದಾರ ಬಿಗಿದು, ರಟ್ಟು ಕತ್ತರಿಸುತ್ತಿದ್ದೇನೆ.